ಒಂದು ಮಟ್ಟು, ಎರಡು ಕಂಠ

ರಾಜನ್–ನಾಗೇಂದ್ರ ಸೋದರರ ಚಿತ್ರಸಂಗೀತದ ಮಾತು ಬಂದರೆ ಮೈಸೂರಿನ ರಸಿಕರಲ್ಲಿ ಎರಡು ಪಕ್ಷಗಳಾಗುತ್ತವೆ. ಹಳೆಯ ಪಕ್ಷದವರ ಪಾಲಿಗೆ ಸೋದರರ ನಿಜವಾದ ಸಂಗೀತ ಪಿ. ಬಿ. ಶ್ರೀನಿವಾಸರ ಕಂಠದೊಡನೆ ಮುಗಿದುಹೋಯಿತು. ಆಮೇಲಿನದೆಲ್ಲ ಕ್ಯಾಸೆಟ್ ಅಂಗಡಿಗೆಂದು ಕಟ್ಟಿಕೊಟ್ಟ ಪೊಟ್ಟಣ. ಹೊಸ ಪಕ್ಷದವರಿಗೆ ‘ಬಯಲುದಾರಿ’ಯೇ ಆರಂಭ, ಅದಕ್ಕೆ ಹಿಂದಿನದು ಬರಿಯ ಕೈಪಳಗಿಸಿಕೊಂಡ ಕಾಲ. ನಗರದ ಯಾವುದೋ ಸಭಾಂಗಣದಲ್ಲಿ ಚಿತ್ರಗೀತೆಗಳ ಸಂಜೆ ಮುಗಿದು ಜನ ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿಗೆ ಈ ವಾದ ಎದ್ದೇ ಏಳುತ್ತದೆ. ಅವರು ‘ಹೊಸದು’ ಎನ್ನುವ ಹಾಡುಗಳಿಗೂ ಈಗ ಸುಮಾರು ಐವತ್ತು ವರ್ಷ ವಯಸ್ಸೆಂಬುದನ್ನು ಎರಡು ಪಕ್ಷದವರೂ ಮರೆತಿರುತ್ತಾರೆ. ಇರಲಿ. ವಾದವನ್ನು ನಾನು ಹಗುರವಾಗಿ ಕಾಣುವವನಲ್ಲ. ಒಬ್ಬ ಕಲೆಗಾರನ ಜೀವಮಾನದ ಕೆಲಸವನ್ನು ಎರಡು ಹೋಳು ಮಾಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡುವುದೆಂದರೆ ಅದು ವಿಮರ್ಶೆಯ ಕೆಲಸ. ಮಾಡುವುದಾದರೆ ಕಾರಣ ಕೊಟ್ಟು ಮಾಡಬೇಕು. ಎರಡು ಪಕ್ಷದವರೂ ಕೊಡುವ ಕಾರಣ ನನಗೆ ಒಪ್ಪಿಗೆಯಾಗಿಲ್ಲ.

ಮೈಸೂರಿನವರಿಗೆ ಈ ವಾದದಲ್ಲಿ ಇಷ್ಟು ಬಿಸಿ ಏಕೆಂಬುದು ಸ್ಪಷ್ಟವೇ ಇದೆ. ಸೋದರರು ಈ ಊರಿನವರು, ಶಿವರಾಂಪೇಟೆಯವರು. ತಂದೆ ರಾಜಪ್ಪನವರು ಹಾರ್ಮೋನಿಯಂ ಮತ್ತು ಕೊಳಲು ನುಡಿಸುತ್ತಿದ್ದವರು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಮುಂದೆ ಕುಳಿತು ವಾದ್ಯ ಒದಗಿಸಿದವರು. ಹಿರಿಯ ರಾಜನ್ ಪಿಟೀಲು ಕಲಿತರು, ಕಿರಿಯ ನಾಗೇಂದ್ರ ಜಲತರಂಗ ಕಲಿತರು. ಪಿಟೀಲು ಚೌಡಯ್ಯನವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರ ನೆನಪು ಹಸಿಯಾಗಿದ್ದ ಊರು ಇದು. 1952ರಲ್ಲಿ ಬಿ. ವಿಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ಗೆ ಸಂಗೀತ ಕೊಟ್ಟಾಗ ಅಣ್ಣನಿಗೇ ಇಪ್ಪತ್ತು ತುಂಬಿರಲಿಲ್ಲ. ಅಲ್ಲಿಂದ 2000ದ ನವೆಂಬರಿನಲ್ಲಿ ತಮ್ಮ ತೀರಿಕೊಳ್ಳುವವರೆಗೆ ಜೋಡಿ ಒಡೆಯಲಿಲ್ಲ. ಅಣ್ಣ 2020ರ ಅಕ್ಟೋಬರಿನಲ್ಲಿ ಹೋದರು.

ಜೋಡಿ ಒಡೆಯಲಿಲ್ಲವೆಂಬ ಮಾತಿಗೆ ಇಲ್ಲಿ ಮಹತ್ವವಿದೆ. ತಮಿಳಿನಲ್ಲಿ ವಿಶ್ವನಾಥನ್–ರಾಮಮೂರ್ತಿ 1965ರಲ್ಲಿ ಬೇರೆಯಾದರು. ಅಲ್ಲಿಯ ರಸಿಕರು ಹಳೆಯದು–ಹೊಸದು ಎಂದು ಹಿಸ್ಸೆ ಮಾಡುವಾಗ ಅವರಿಗೊಂದು ಗಡಿಕಲ್ಲು ಸಿಕ್ಕುತ್ತದೆ. ಹಿಂದಿಯಲ್ಲಿ ಶಂಕರ್–ಜೈಕಿಶನ್ ಜೋಡಿಯ ಜೈಕಿಶನ್ 1971ರಲ್ಲಿ ತೀರಿಕೊಂಡರು; ಅಲ್ಲಿಯೂ ಹಾಗೆಯೇ. ನಮ್ಮ ಸೋದರರ ವಿಷಯದಲ್ಲಿ ಅಂಥ ಕಲ್ಲಿಲ್ಲ. ಅದೇ ಇಬ್ಬರು, ಅದೇ ಹಾರ್ಮೋನಿಯಂ, ಬಹುಮಟ್ಟಿಗೆ ಅದೇ ಮದರಾಸಿನ ವಾದ್ಯಗಾರರು. ಹಾಗಿದ್ದರೆ ರಸಿಕರು ಗೆರೆ ಎಳೆದದ್ದು ಎಲ್ಲಿ? (ಹಾಡಿನ ಯಾವ ಸಾಲು ಅಣ್ಣನದು, ಯಾವುದು ತಮ್ಮನದು ಎಂದು ಹೇಳಬಲ್ಲೆವೆಂಬ ಪುಣ್ಯಾತ್ಮರೂ ಇದ್ದಾರೆ. ಅವರ ಕಿವಿಗೆ ನಮಸ್ಕಾರ.)

ಗೆರೆ ಬಿದ್ದಿರುವುದು 1974ಕ್ಕೂ 1976ಕ್ಕೂ ನಡುವೆ. 1974ರಲ್ಲಿ ದೊರೆ–ಭಗವಾನರ ‘ಎರಡು ಕನಸು’ ಬಂತು. ವಾಣಿಯವರ ಕಾದಂಬರಿ, ಚಿ. ಉದಯಶಂಕರರ ಪದಗಳು, ಪರದೆಯ ಮೇಲೆ ರಾಜಕುಮಾರ್, ಪರದೆಯ ಹಿಂದೆ ಪಿ. ಬಿ. ಶ್ರೀನಿವಾಸ್. ಅದೇ ವರ್ಷ ಜಿ. ಕೆ. ವೆಂಕಟೇಶರು ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜಕುಮಾರರಿಂದಲೇ ಹಾಡಿಸಿದರು. ಎಮ್ಮೆಯ ಮೇಲೆ ಕುಳಿತು ಹಾಡುವ ಆ ಹಾಡನ್ನು ಕೇಳಿದ ಮೇಲೆ ರಾಜಕುಮಾರರಿಗೆ ಬೇರೊಬ್ಬರ ದನಿ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ರಾಜನ್–ನಾಗೇಂದ್ರರೂ ರಾಜಕುಮಾರರ ಕಂಠಕ್ಕೇ ಮಟ್ಟು ಕಟ್ಟಿದರು. ಅದೇ 1976ರಲ್ಲಿ ಭಾರತೀಸುತರ ಕಾದಂಬರಿಯನ್ನಾಧರಿಸಿದ ‘ಬಯಲುದಾರಿ’ ಬಂದು, ಅನಂತನಾಗ್‌ಗೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ದನಿಯಾದರು. ಎರಡೇ ವರ್ಷದಲ್ಲಿ ಸೋದರರ ಗಂಡುಹಾಡುಗಳ ಕಂಠ ಬದಲಾಗಿಹೋಯಿತು. ರಸಿಕರ ಹಳೆಯದು–ಹೊಸದು ಎಂಬ ಎರಡು ಪಾತ್ರೆಗಳನ್ನು ತೆಗೆದು ನೋಡಿ. ಒಂದರ ಮುಚ್ಚಳದ ಮೇಲೆ ಪಿ. ಬಿ. ಎಸ್. ಎಂದೂ ಇನ್ನೊಂದರ ಮೇಲೆ ಎಸ್. ಪಿ. ಬಿ. ಎಂದೂ ಬರೆದಿದೆ. ಮಟ್ಟು ಕಟ್ಟಿದವರ ಕೆಲಸದಲ್ಲಿ ಏನು ಬದಲಾಯಿತು, ಬದಲಾಯಿತೇ ಎಂಬುದನ್ನು ಕೇಳಿದವರು ಕಡಮೆ.

ಹಳೆಯ ಪಕ್ಷದವರ ಮನಸ್ಸಿನಲ್ಲಿ ನಿಜವಾಗಿ ಇರುವುದು ಒಂದು ನೋವು ಎಂದು ನನ್ನ ಭಾವನೆ. ಕಾಕಿನಾಡದಲ್ಲಿ ಹುಟ್ಟಿ, ಕನ್ನಡವನ್ನು ಕಲಿತು, ಕನ್ನಡದ ಒಬ್ಬ ನಟನಿಗೆ ಹದಿನೈದು ವರ್ಷಕ್ಕೂ ಮೇಲ್ಪಟ್ಟು ದನಿಯಾಗಿದ್ದ ಗಾಯಕ, ಕಂಠ ಇನ್ನೂ ಗಟ್ಟಿಯಾಗಿದ್ದಾಗಲೇ ಬದಿಗೆ ಸರಿಯಬೇಕಾಯಿತು. ತಾವು ಹೀಗೆ ಸರಿದುದಕ್ಕೆ ಶ್ರೀನಿವಾಸರು ಕಹಿಯಾದವರಲ್ಲ. 2013ರಲ್ಲಿ ತೀರಿಕೊಳ್ಳುವವರೆಗೂ ರಾಜಕುಮಾರರ ಹೆಸರನ್ನು ಪ್ರೀತಿಯಿಂದಲೇ ಎತ್ತುತ್ತಿದ್ದರು. ಅವರ ಅಭಿಮಾನಿಗಳಿಗೆ ಅಷ್ಟು ದೊಡ್ಡ ಮನಸ್ಸು ಸಾಧ್ಯವಾಗಿಲ್ಲ, ಅದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಆ ನೋವನ್ನು ರಾಗಸಂಯೋಜನೆಯ ತೂಕಕ್ಕೆ ಕಲ್ಲಾಗಿ ಇಟ್ಟರೆ ತೂಕ ಸರಿಬಾರದು.

ತೂಗಿ ನೋಡಲು ಅಪರೂಪದ ಒಂದು ಅವಕಾಶ ನಮಗಿದೆ. ‘ಎರಡು ಕನಸು’ ಮಾರನೆಯ ವರ್ಷವೇ, 1975ರಲ್ಲಿ, ‘ಪೂಜಾ’ ಎಂಬ ಹೆಸರಿನಲ್ಲಿ ತೆಲುಗಿಗೆ ಹೋಯಿತು. ಸಂಗೀತ ರಾಜನ್–ನಾಗೇಂದ್ರರದೇ, ಮುಖ್ಯ ಹಾಡುಗಳ ಮಟ್ಟುಗಳೂ ಅವೇ. ಕನ್ನಡದಲ್ಲಿ ಶ್ರೀನಿವಾಸರು ಹಾಡಿದ್ದನ್ನು ತೆಲುಗಿನಲ್ಲಿ ಬಾಲಸುಬ್ರಹ್ಮಣ್ಯಂ ಹಾಡಿದರು. ‘ಎಂದೆಂದೂ’ ಎಂದು ಎತ್ತಿಕೊಳ್ಳುವ ಜೋಡಿ ಹಾಡಿನಲ್ಲಂತೂ ಹೆಣ್ಣುಕಂಠ ಕೂಡ ಬದಲಾಗಲಿಲ್ಲ. ಎರಡು ಭಾಷೆಯಲ್ಲೂ ವಾಣಿ ಜಯರಾಂ. ಹಳೆಯದು–ಹೊಸದರ ಜಗಳ ತೀರಿಸಲು ನಾವೇ ಕುಳಿತು ಒಂದು ಪ್ರಯೋಗ ಏರ್ಪಡಿಸಿದ್ದರೂ ಇದಕ್ಕಿಂತ ಸೊಗಸಾಗಿ ಏರ್ಪಡಿಸಲಾಗುತ್ತಿರಲಿಲ್ಲ. ಮಟ್ಟು ಒಂದೇ, ಕಟ್ಟಿದವರು ಅವರೇ, ಗಾಯಕಿ ಒಬ್ಬರೇ, ನಡುವೆ ಕಳೆದದ್ದು ಒಂದೇ ವರ್ಷ. ಬೇರೆಯಾದದ್ದು ಗಂಡುದನಿ ಮಾತ್ರ. ಭಾಷೆಯೂ ಬೇರೆಯಾಯಿತು, ಆದರೆ ಕನ್ನಡ ತೆಲುಗುಗಳೆರಡೂ ಸ್ವರದಲ್ಲಿ ಮುಗಿಯುವ ಮಾತುಗಳ ಭಾಷೆಗಳಾದ್ದರಿಂದ ಮಟ್ಟಿಗೆ ಅದರಿಂದ ಹೆಚ್ಚು ಪೆಟ್ಟಾಗಿಲ್ಲ.

ಇವೆರಡನ್ನೂ ಒಂದರ ಹಿಂದೆ ಒಂದರಂತೆ ಹತ್ತಾರು ಸಲ ಕೇಳಿದ್ದೇನೆ. ಶ್ರೀನಿವಾಸರು ಹಾಡುವಾಗ ದನಿ ಸಾಲಿನ ಕೊನೆಯ ಅಕ್ಷರದ ಮೇಲೆ ಮೆಲ್ಲನೆ ಒರಗಿಕೊಳ್ಳುತ್ತದೆ. ದಿನದ ಕೆಲಸ ಮುಗಿಸಿ ಬಂದ ಮನುಷ್ಯ ಆರಾಮ ಕುರ್ಚಿಗೆ ಬೆನ್ನು ಕೊಟ್ಟ ಹಾಗೆ. ಸಾಲು ಮೇಲಕ್ಕೆ ಹೋಗುವಲ್ಲಿಯೂ ಅವರು ಹತ್ತುವುದಿಲ್ಲ, ಹತ್ತಿದ್ದಾರೆಂದು ನಾವು ಆಮೇಲೆ ಗಮನಿಸುತ್ತೇವೆ. ಆ ಹಾಡಿನಲ್ಲಿರುವ ಪ್ರೀತಿ ಬಹಳ ದಿನ ಕಾದು ಬಂದ ಪ್ರೀತಿ. ಅದೇ ಸಾಲನ್ನು ಬಾಲಸುಬ್ರಹ್ಮಣ್ಯಂ ಹಾಡುವಾಗ ಅಕ್ಷರಗಳ ಮೊದಲಿಗೆ ಒತ್ತು ಬೀಳುತ್ತದೆ. ನಗೆ ತುಟಿಯಲ್ಲೇ ಇದೆಯೆಂದು ಕಿವಿಗೆ ಗೊತ್ತಾಗುತ್ತದೆ. ಮೇಲಿನ ಸ್ವರ ಬಂದಾಗ ಅದನ್ನು ಮುಟ್ಟಿ ತೋರಿಸುತ್ತಾರೆ. ಇಲ್ಲಿಯ ಪ್ರೀತಿ ಇಂದು ಬೆಳಿಗ್ಗೆ ಹುಟ್ಟಿದ್ದು. ನನಗೆ ಇವೆರಡರಲ್ಲಿ ಕನ್ನಡದ್ದೇ ಹೆಚ್ಚು ಪ್ರಿಯ. ಕಥೆಗೆ ಅದು ಹೆಚ್ಚು ಹೊಂದುತ್ತದೆಂಬುದೇ ಕಾರಣ: ಮೊದಲ ಪ್ರೇಮದ ನೆನಪಿನಲ್ಲಿ ಬೆಂದು, ಕೈಹಿಡಿದವಳ ಬೆಲೆಯನ್ನು ತಡವಾಗಿ ತಿಳಿದ ಒಬ್ಬ ಪ್ರಾಧ್ಯಾಪಕನ ಕಥೆ ಅದು. ಆದರೆ ಮೈಸೂರಿನ ಹೊಸ ಪಕ್ಷದವರ ಮುಂದೆ ಭಾಷೆ ಹೇಳದೆ ತೆಲುಗಿನದನ್ನು ಹಾಕಿ, ಇದು ‘ಬಯಲುದಾರಿ’ಯ ಕಾಲದ್ದೆಂದರೆ ಯಾರೂ ಅನುಮಾನಿಸಲಾರರು. ಅಂದ ಮೇಲೆ, ಶ್ರೀನಿವಾಸರು ಹಾಡಿದರೆ ‘ಹಳೆಯದು’, ಬಾಲಸುಬ್ರಹ್ಮಣ್ಯಂ ಹಾಡಿದರೆ ‘ಹೊಸದು’ ಎಂದಾಗುವ ಮಟ್ಟು ಸ್ವತಃ ಹಳೆಯದೋ ಹೊಸದೋ?

ಎರಡೂ ಅಲ್ಲ ಎಂದು ನಾನು ಹೇಳುತ್ತೇನೆ. ಸೋದರರ ಮಟ್ಟಿಗೆ ಕೆಲವು ಅಭ್ಯಾಸಗಳಿವೆ. ಅವು ಇಪ್ಪತ್ತನೆಯ ವಯಸ್ಸಿನಲ್ಲೇ ಬಂದು ಕೊನೆಯವರೆಗೂ ಉಳಿದವು. ಮುಖ್ಯವಾದದ್ದು ಪಲ್ಲವಿಯ ಗಾತ್ರ. ಸಂಗೀತ ಕಲಿಯದವನೊಬ್ಬ ಒಂದು ಸಲ ಕೇಳಿ, ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತ ತಪ್ಪಿಲ್ಲದೆ ಹಾಡಬಹುದಾದಷ್ಟು ಅದು ಸಣ್ಣದು. ಹೀಗೆಂದರೆ ಅಗ್ಗವೆಂದು ತಿಳಿಯಬಾರದು. 1973ರ ‘ಗಂಧದ ಗುಡಿ’ಯಲ್ಲಿ ನಾಡು–ನುಡಿಯ ಹಾಡೊಂದಿದೆ, ಪ್ರತಿ ನವೆಂಬರಿನಲ್ಲಿ ಶಾಲೆಯ ಮಕ್ಕಳು, ಆಟೋ ಚಾಲಕರ ಸಂಘದವರು, ಕಚೇರಿಯ ಗುಮಾಸ್ತರು ಎಲ್ಲರೂ ಅದನ್ನು ಹಾಡುತ್ತಾರೆ. ಹೆಚ್ಚುಕಡಮೆ ಎಲ್ಲರೂ ಶ್ರುತಿಯಲ್ಲೇ ಹಾಡುತ್ತಾರೆಂಬುದನ್ನು ಗಮನಿಸಿ. ಒಳ್ಳೆಯ ಕವಿಯ ಪದ್ಯಕ್ಕೆ ಕಠಿಣವಾದ ಮಟ್ಟು ಹಾಕಿ, ಸಭೆ ಎರಡನೆಯ ಸಾಲಿಗೇ ಕೈಬಿಡುವುದನ್ನು ಎಷ್ಟು ರಾಜ್ಯೋತ್ಸವಗಳಲ್ಲಿ ನೋಡಿಲ್ಲ! ಎಲ್ಲರೂ ಹಾಡಬಲ್ಲದ್ದನ್ನು ಕಟ್ಟಿ, ಆದರೂ ಅದು ಸಪ್ಪೆಯಾಗದಂತೆ ನೋಡಿಕೊಳ್ಳುವುದು ವಿದ್ವತ್ತಿನ ಕೆಲಸವೇ.

ಇನ್ನೊಂದು ಅಭ್ಯಾಸ, ಮಾತನ್ನು ಮುರಿಯದಿರುವುದು. ಗುರುವಿದ್ದಲ್ಲಿ ಗುರು, ಲಘುವಿದ್ದಲ್ಲಿ ಲಘು. ಚಿತ್ರಗೀತೆಯಲ್ಲಿ ಸಾಮಾನ್ಯವಾಗಿ ಮಟ್ಟು ಮೊದಲು, ಪದ ಆಮೇಲೆ. ಆದ್ದರಿಂದ ಇದರ ಯಶಸ್ಸಿನಲ್ಲಿ ಉದಯಶಂಕರರಂಥ ಕವಿಗಳಿಗೆ ದೊಡ್ಡ ಪಾಲು ಸಲ್ಲಬೇಕು. ಆದರೂ ಕನ್ನಡದ ಮಾತು ಸುಖವಾಗಿ ಕುಳಿತುಕೊಳ್ಳುವಂಥ ಜಾಗ ಮಟ್ಟಿನಲ್ಲಿ ಮೊದಲೇ ಇರಬೇಕಲ್ಲ? ಇವರಿಗೆ ಹಾಡಿದವರನ್ನು ನೋಡಿ: ಶ್ರೀನಿವಾಸ್, ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಮೂವರ ಮನೆಮಾತೂ ತೆಲುಗು. ವಾಣಿ ಜಯರಾಂ ವೆಲ್ಲೂರಿನ ತಮಿಳರು. ಇವರೆಲ್ಲರ ಬಾಯಲ್ಲಿ ಕನ್ನಡ ಕನ್ನಡವಾಗಿಯೇ ಬಂದದ್ದಕ್ಕೆ ಅವರ ಶ್ರದ್ಧೆ ಒಂದು ಕಾರಣವಾದರೆ, ನಾಲಿಗೆ ತೊಡರದಂತೆ ಕಟ್ಟಿದ ಮಟ್ಟು ಇನ್ನೊಂದು. ‘ಎರಡು ಕನಸು’ವಿನಲ್ಲಿ ಗಂಡನ ಒಲವಿಗೆ ಕಾದಿರುವ ಹೆಂಡತಿಗೆ ಜಾನಕಿ ಹಾಡಿರುವ ಪೂಜೆಯ ಹಾಡನ್ನು ಕೇಳಿ. ಒಂದು ಒತ್ತಕ್ಷರ ಕೂಡ ಸ್ವರಕ್ಕಾಗಿ ಬಾಗಿಲ್ಲ.

ಮತ್ತೊಂದನ್ನು ಹೇಳದಿದ್ದರೆ ಅನ್ಯಾಯವಾದೀತು: ಸಾಲು ಮುಗಿದ ಕೂಡಲೇ ಕೊಳಲೋ ಪಿಟೀಲೋ ಕೊಡುವ ಮರುಮಾತು. ಹಾಡುಗಾರ ಹೇಳಿದ್ದನ್ನು ವಾದ್ಯ ಕೇಳಿಸಿಕೊಂಡು ‘ಹೌದು’ ಎನ್ನುವಂಥದು. ತಂದೆ ಕೊಳಲಿನವರು, ಮಗ ಪಿಟೀಲಿನವನು. ಮನೆಯಲ್ಲೇ ಕೇಳಿದ ಸಂಭಾಷಣೆ ಇದೆಂದು ಊಹಿಸಿದರೆ ತಪ್ಪೇನಿಲ್ಲ. ಕಪ್ಪು–ಬಿಳುಪು ಚಿತ್ರಗಳಲ್ಲಿ ಇದು ಎರಡು ಮೂರು ಪಿಟೀಲುಗಳ ಮಾತು. ಆಮೇಲೆ ವಾದ್ಯವೃಂದ ಬೆಳೆದು ಅದು ಮೂವತ್ತು ಪಿಟೀಲುಗಳ ಮಾತಾಯಿತು. ದನಿ ದೊಡ್ಡದಾಯಿತು, ಮಾತು ಬದಲಾಗಲಿಲ್ಲ.

ಹೊಸ ಪಕ್ಷದವರು ಇಲ್ಲಿ ಗೆದ್ದೆವೆಂದು ತಿಳಿಯಬಾರದು. ಸೋದರರು ಕಂಠ ನೋಡಿ ಅಳತೆ ತೆಗೆಯುವ ದರ್ಜಿಗಳಾಗಿದ್ದರು ಎಂಬುದು ನನ್ನ ವಾದ. ಅವರ ಪ್ರತಿಭೆ ಯಾವುದೋ ಒಂದು ವರ್ಷದಲ್ಲಿ ಅರಳಿದ್ದಲ್ಲ. ಶ್ರೀನಿವಾಸರಿಗೆ ಕೆಳಗಿನ ಸ್ವರಗಳಲ್ಲಿ ನಿಧಾನವಾಗಿ ನಡೆಯುವ ಸಾಲು. ರಂಗಭೂಮಿಯಲ್ಲಿ ಬೆಳೆದ ರಾಜಕುಮಾರರಿಗೆ ಎದೆ ತುಂಬಿ ಎಳೆಯಬಹುದಾದ ಸಾಲು, ಜೊತೆಗೆ ಮಾತಿನಂತೆ ಹೇಳಿಬಿಡಬಹುದಾದ ಒಂದೆರಡು ಮುರುಕು. ಬಾಲಸುಬ್ರಹ್ಮಣ್ಯಂಗೆ ಜಿಗಿತ. 1982ರ ‘ಚಲಿಸುವ ಮೋಡಗಳು’ ಮತ್ತು 1985ರ ‘ಬೆಟ್ಟದ ಹೂವು’ ಚಿತ್ರಗಳಲ್ಲಿ ಬಾಲಕ ಪುನೀತ್‌ಗೆ ಕಟ್ಟಿದ ಹಾಡುಗಳನ್ನು ಇದೇ ದೃಷ್ಟಿಯಿಂದ ಕೇಳಬೇಕು. ಮಕ್ಕಳ ಹಾಡೆಂದರೆ ದೊಡ್ಡವರ ಹಾಡನ್ನು ಕೀಚಲು ದನಿಯಲ್ಲಿ ಹಾಡಿಸುವುದೆಂದು ನಮ್ಮ ಚಿತ್ರರಂಗ ಬಹುಕಾಲ ತಿಳಿದಿತ್ತು. ಇಲ್ಲಿ ಹಾಗಿಲ್ಲ. ಹುಡುಗನಿಗೆ ಉಸಿರು ಎಷ್ಟಿದೆಯೋ ಸಾಲು ಅಷ್ಟೇ ಉದ್ದ.

ಕಂಠ ಮಾತ್ರವಲ್ಲ, ಕಥೆಯ ಮಣ್ಣನ್ನೂ ಅವರು ನೋಡುತ್ತಿದ್ದರು. ಆಲನಹಳ್ಳಿ ಶ್ರೀಕೃಷ್ಣರ ‘ಪರಸಂಗದ ಗೆಂಡೆತಿಮ್ಮ’ 1978ರಲ್ಲಿ ಚಿತ್ರವಾದಾಗ ಸಂಗೀತ ಇವರದು. ಕಾದಂಬರಿ ನಮ್ಮ ಮೈಸೂರು ಸೀಮೆಯ ಹಳ್ಳಿಯದು. ದೊಡ್ಡರಂಗೇಗೌಡರ ಪದಗಳೂ ಹಳ್ಳಿಯ ಬಾಯಿಯವೇ. ಅದೇ ವರ್ಷದ ‘ಹೊಂಬಿಸಿಲು’, ಉಷಾ ನವರತ್ನರಾಂ ಅವರ ಕಾದಂಬರಿ, ಓದು ಬರಹ ಕಲಿತ ಪಟ್ಟಣದವರ ಕಥೆ. ಒಂದೇ ವರ್ಷದ ಈ ಎರಡು ಚಿತ್ರಗಳ ಹಾಡುಗಳನ್ನು ಹಿಂದುಮುಂದಾಗಿ ಹಾಕಿ ಕೇಳಿದರೆ, ಒಂದು ಗದ್ದೆಯ ಬದುವಿನ ಮೇಲೆ ನಡೆಯುತ್ತದೆ, ಇನ್ನೊಂದು ಸಾರಿಸಿ ರಂಗೋಲಿಯಿಟ್ಟ ಹಜಾರದಲ್ಲಿ. ‘ಹೊಸ ಸಂಗೀತವೆಲ್ಲ ಒಂದೇ ಅಚ್ಚು’ ಎನ್ನುವ ಹಳೆಯ ಪಕ್ಷದವರಿಗೆ ಈ ಎರಡು ಚಿತ್ರಗಳ ಹೆಸರು ಹೇಳಿ ಸುಮ್ಮನಾಗುವುದು ನನ್ನ ಪದ್ಧತಿ.

ಹಾಗೆಂದು ದೋಷವಿಲ್ಲವೆ? ಬೇಕಾದಷ್ಟಿದೆ. ಸೋದರರ ಚಿತ್ರಗಳ ಒಟ್ಟು ಸಂಖ್ಯೆ ಸುಮಾರು 375 ಎನ್ನುತ್ತಾರೆ. ಕನ್ನಡದವೇ ಇನ್ನೂರರ ಹತ್ತಿರ. ತೆಲುಗಿನಲ್ಲೂ ಅವರಿಗೆ ಹೆಸರಿತ್ತು. 1977ರ ‘ಪಂತುಲಮ್ಮ’ ಚಿತ್ರಕ್ಕೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿ ಬಂತು. ಎಂಬತ್ತರ ದಶಕದಲ್ಲಿ ಕೆಲಸ ಮೈಮೇಲೆ ಬಿದ್ದಾಗ ಅವರು ತಮ್ಮನ್ನೇ ನಕಲು ಮಾಡಿಕೊಂಡರು. ಹೆಣ್ಣುದನಿಯ ಒಂದು ಗುನುಗು, ಅದರ ಮೇಲೆ ಪಿಟೀಲುಗಳ ಇಳಿಜಾರು, ಕೊಳಲಿನ ಒಂದು ಕೂಗು, ಆಮೇಲೆ ಪಲ್ಲವಿ; ಈ ಅಡಿಗೆ ಎಷ್ಟು ಸಲ ಬಡಿಸಿದರೆಂದು ಲೆಕ್ಕವಿಟ್ಟವರಿಲ್ಲ. ಗಂಡುದನಿಯ ಹಾಡಿಗೂ ಹೆಣ್ಣುದನಿಯ ಹಾಡಿಗೂ ಒಂದೇ ಚರಣ ಹೊಂದಿಸಬಹುದಾದಂಥ ಹಾಡುಗಳು ಆ ದಶಕದಲ್ಲಿ ಹಲವು. ಹಳೆಯ ಪಕ್ಷದವರು ದೂರುವುದು ಇದನ್ನಾದರೆ ನಾನೂ ಅವರ ಜೊತೆ. ಆದರೆ ಇದು ‘ಹೊಸ ಕಾಲ’ದ ದೋಷವಲ್ಲ, ಅವಸರದ ದೋಷ. 1976ರ ‘ಬಯಲುದಾರಿ’ಯಲ್ಲಿ ಅದಿಲ್ಲ, 1981ರಲ್ಲಿ ತ. ರಾ. ಸು. ಅವರ ಕಾದಂಬರಿಯಿಂದ ಬಂದ ‘ಗಾಳಿಮಾತು’ವಿನಲ್ಲೂ ಇಲ್ಲ, ಅದೇ ಕಾಲದ ಎಷ್ಟೋ ಹೊಡೆದಾಟದ ಚಿತ್ರಗಳಲ್ಲಿದೆ. ಕಾದಂಬರಿಯ ಕಥೆ, ಹಾಡಿಗೆ ತಕ್ಕ ಸಂದರ್ಭ, ಕೇಳಿಸಿಕೊಳ್ಳುವ ನಿರ್ದೇಶಕ ಈ ಮೂರು ಸಿಕ್ಕಿದಾಗ ಸೋದರರು ಯಾವ ದಶಕದಲ್ಲೂ ಸೋತವರಲ್ಲ. ಸಿಕ್ಕದಿದ್ದಾಗ ಯಾವ ದಶಕದಲ್ಲೂ ಅಷ್ಟಾಗಿ ಗೆದ್ದವರೂ ಅಲ್ಲ.

ಹಳೆಯದೆಲ್ಲ ಚಿನ್ನವೆನ್ನುವವರು ಐವತ್ತರ ದಶಕದ ದಕ್ಷಿಣದ ಚಿತ್ರಗಳಲ್ಲಿ ಹಿಂದಿ ಮಟ್ಟುಗಳ ಎರವಲು ಎಷ್ಟು ನಡೆಯುತ್ತಿತ್ತೆಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಮುಂಬಯಿಯ ಧ್ವನಿಮುದ್ರಿಕೆಯೊಂದನ್ನು ಕಂಕುಳಲ್ಲಿ ಹಿಡಿದು ಬಂದು, ‘ಇಂಥದೇ ಒಂದು’ ಎಂದು ಕೇಳುವ ನಿರ್ಮಾಪಕ ಆ ಕಾಲದ ಒಂದು ನಿತ್ಯದೃಶ್ಯ. ತರುಣ ಸಂಗೀತ ನಿರ್ದೇಶಕರಿಗೆ ಇಲ್ಲವೆನ್ನುವ ಧೈರ್ಯ ಎಲ್ಲಿಂದ ಬರಬೇಕು?

ಇನ್ನು 1987. ಆ ವರ್ಷ ಹಂಸಲೇಖರ ‘ಪ್ರೇಮಲೋಕ’ ಬಂದು ಕನ್ನಡದ ಹಾಡಿನ ನಡಿಗೆಯನ್ನೇ ಬದಲಿಸಿತು. ಸೋದರರ ಕಾಲ ಮುಗಿಯಿತೆಂದು ಎರಡು ಪಕ್ಷದವರೂ ಒಪ್ಪುವುದು ಈ ಒಂದು ವಿಷಯದಲ್ಲಿ. ಮರುವರ್ಷ, 1988ರಲ್ಲಿ, ದಿನೇಶ್ ಬಾಬು ಅವರ ‘ಸುಪ್ರಭಾತ’ ಬಂತು. ವಿಷ್ಣುವರ್ಧನ್–ಸುಹಾಸಿನಿ, ಬಾಲಸುಬ್ರಹ್ಮಣ್ಯಂ ಜೊತೆಗೆ ಚಿತ್ರಾ ಅವರ ಎಳೆಯ ಕಂಠ. ವಾದ್ಯಗಳಲ್ಲಿ ಆ ಕಾಲದ ವಿದ್ಯುತ್ ಯಂತ್ರಗಳ ಮಿನುಗು ಇಲ್ಲದಿಲ್ಲ. ಆದರೆ ಪಲ್ಲವಿ ಅದೇ ಅಳತೆಯದು, ಸಾಲಿನ ಕೊನೆಯ ಮರುಮಾತು ಅಲ್ಲೇ ಇದೆ, ಮಾತು ಮುರಿದಿಲ್ಲ. ಮೊದಲ ಚಿತ್ರ ಮಾಡಿ ಮೂವತ್ತಾರು ವರ್ಷಗಳಾದ ಮೇಲಿನ ಕೆಲಸ ಇದು. ಇದನ್ನು ಕೇಳಿ ‘ರಾಜನ್–ನಾಗೇಂದ್ರ’ ಎಂದು ಗುರುತಿಸಲಾರದ ಮೈಸೂರಿಗ ನನಗಿನ್ನೂ ಸಿಕ್ಕಿಲ್ಲ. ಹಳೆಯ ಪಕ್ಷದವರೂ ಗುರುತಿಸುತ್ತಾರೆ, ಗುರುತಿಸಿದ ಮೇಲೆ ಮುಖ ಸಿಂಡರಿಸುತ್ತಾರೆ ಅಷ್ಟೆ.

ನನ್ನ ನಿಜವಾದ ತಕರಾರು ಬೇರೆ. ಎರಡು ಪಕ್ಷದವರೂ 1974ರ ಗೆರೆಯ ಆಚೆ ಈಚೆ ನಿಂತು ಕೂಗಾಡುವಾಗ, ಗೆರೆಗೆ ಬಹಳ ಹಿಂದಿನ ಇಪ್ಪತ್ತು ವರ್ಷಗಳ ಸಂಗೀತ ಯಾರ ಪಾಲಿಗೂ ಬರದೆ ಅನಾಥವಾಗಿ ಬಿದ್ದಿದೆ. ಹಳೆಯ ಪಕ್ಷದವರ ‘ಹಳೆಯದು’ ಎಷ್ಟು ಹಳೆಯದೆಂದು ಕೇಳಿ ನೋಡಿ. 1971ರ ‘ನ್ಯಾಯವೇ ದೇವರು’, 1973ರ ‘ಗಂಧದ ಗುಡಿ’, 1974ರ ‘ಎರಡು ಕನಸು’. ಹೆಚ್ಚೆಂದರೆ ರಾಜಕುಮಾರ್ ರಾಘವೇಂದ್ರಸ್ವಾಮಿಗಳಾಗಿ ನಟಿಸಿದ 1966ರ ‘ಮಂತ್ರಾಲಯ ಮಹಾತ್ಮೆ’, ಅದೂ ಗುರುವಾರದ ಪುಣ್ಯದಿಂದ. ಅಲ್ಲಿಗೆ ನೆನಪು ಮುಗಿಯಿತು. ಹುಣಸೂರು ಕೃಷ್ಣಮೂರ್ತಿಗಳ ‘ರತ್ನಮಂಜರಿ’ 1962ರದು. ಅದರ ಗೆಜ್ಜೆಯ ಹಾಡೊಂದನ್ನು ಕೆಲವರು ಗುನುಗುತ್ತಾರೆ, ಚಿತ್ರ ಯಾವುದು, ಸಂಗೀತ ಯಾರದು ಎಂದರೆ ತಿಳಿಯದು. 1953ರ ‘ಚಂಚಲ ಕುಮಾರಿ’, 1956ರ ‘ಮುತ್ತೈದೆ ಭಾಗ್ಯ’ ಎಂದರೆ ಹೆಸರೂ ಕೇಳಿದವರಿಲ್ಲ.

ಇದಕ್ಕೆ ರಸಿಕರನ್ನಷ್ಟೇ ದೂರಿ ಫಲವಿಲ್ಲ. ಸೋದರರು ಕಣ್ಣು ಬಿಟ್ಟ 1952ರಲ್ಲೇ ಕೇಂದ್ರದ ಮಂತ್ರಿಯಾದ ಕೇಸ್ಕರರು ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ದೂರವಿಟ್ಟರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿದ ಮೇಲೆ ತಾನೆ ಅವಕ್ಕೆ ನಮ್ಮ ರೇಡಿಯೋದಲ್ಲಿ ಮತ್ತೆ ಬಾಗಿಲು ತೆರೆದದ್ದು. ‘ಆಕಾಶವಾಣಿ’ ಎಂಬ ಹೆಸರು ಗೋಪಾಲಸ್ವಾಮಿಗಳ ಮನೆಯಿಂದ ಹೊರಟ ಈ ಊರಿನಲ್ಲೇ, ಊರಿನ ಹುಡುಗರ ಮೊದಲ ಹಾಡುಗಳಿಗೆ ಆಕಾಶದಲ್ಲಿ ಜಾಗವಿರಲಿಲ್ಲ. ಉಳಿದದ್ದು 78 ಸುತ್ತಿನ ಅರಗಿನ ತಟ್ಟೆ. ಒಂದು ಮಗ್ಗುಲಿಗೆ ಮೂರು ನಿಮಿಷದ ಮೇಲೆ ಸ್ವಲ್ಪ, ಕೈತಪ್ಪಿದರೆ ಚೂರು. ಎಷ್ಟೋ ಮನೆಗಳಲ್ಲಿ ಗ್ರಾಮಫೋನು ಕೆಟ್ಟಿತು, ತಟ್ಟೆಗಳು ಅಟ್ಟ ಸೇರಿದವು. ಮುಂದೆ ಕ್ಯಾಸೆಟ್ಟಿನ ಕಾಲ ಬಂದಾಗ ಮಾರಾಟವಾಗುವ ಹಾಡುಗಳು ಮಾತ್ರ ಹೊಸ ಜನ್ಮ ಪಡೆದವು. ಹೀಗಾಗಿ ಇಂದಿನ ರಸಿಕನ ‘ಹಳೆಯದು’ ಎಂಬುದು ನಿಜವಾಗಿ ಕ್ಯಾಸೆಟ್ಟಿನವನು ಆರಿಸಿಕೊಟ್ಟ ಹಳೆಯದು. ಹೊಸದನ್ನು ಅಂಗಡಿಯ ಸರಕೆಂದು ಹಳಿಯುವವರು ತಮ್ಮ ಹಳೆಯದೂ ಅದೇ ಅಂಗಡಿಯಿಂದ ಬಂದದ್ದೆಂದು ತಿಳಿದರೆ ಮೆತ್ತಗಾಗುತ್ತಾರೆ.

ಆ ಮೊದಲ ಹಾಡುಗಳಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಎಲ್ಲವೂ ಒಳ್ಳೆಯವೆಂದು ನಾನು ಹೇಳುವುದಿಲ್ಲ. ಆದರೆ ಗಾಯಕ, ವಾದ್ಯಗಾರ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಉಸಿರಿಗೆ ಮುದ್ರಿಸಿದ ಹಾಡುಗಳವು. ತಬಲದವನ ಬೆರಳು ಜಾರಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಆ ಎಚ್ಚರ ಹಾಡಿನ ಒಳಗೆ ಕೇಳಿಸುತ್ತದೆ. ಮುಂದೆ ಪ್ರಸಿದ್ಧವಾದ ಕೊಳಲಿನ ಮರುಮಾತು ‘ರತ್ನಮಂಜರಿ’ಯಲ್ಲಿ ಎಳೆಯದಾಗಿ, ಇನ್ನೂ ನಾಚಿಕೊಂಡು ಬರುತ್ತದೆ. ‘ಬಯಲುದಾರಿ’ಯನ್ನು ಪ್ರೀತಿಸುವ ಹೊಸ ಪಕ್ಷದ ತರುಣರು ಇದನ್ನು ಒಮ್ಮೆ ಕೇಳಿದರೆ, ತಮ್ಮ ಪ್ರೀತಿಯ ಹಾಡು ಹುಟ್ಟಿದ ಮನೆಯ ಬಾಗಿಲು ಕಂಡಂತಾದೀತು.

ನಗರದ ಹವ್ಯಾಸಿ ವಾದ್ಯಗೋಷ್ಠಿಗಳವರಿಗೆ ನಾನು ಈ ಮಾತು ಹೇಳಿದಾಗಲೆಲ್ಲ ಒಂದೇ ಉತ್ತರ: ‘ಆ ಹಾಡುಗಳಿಗೆ ಪಕ್ಕವಾದ್ಯದ ಸಿದ್ಧ ಮುದ್ರಿಕೆ ಸಿಕ್ಕುವುದಿಲ್ಲ ಸ್ವಾಮಿ, ಜನವೂ ಕೇಳುವುದಿಲ್ಲ.’ ಮುದ್ರಿಕೆ ಸಿಕ್ಕದಿರುವುದು ನಿಜ. ಆದರೆ ಎರಡು ಪಿಟೀಲು, ಒಂದು ಕೊಳಲು, ಒಂದು ಹಾರ್ಮೋನಿಯಂ, ತಬಲ, ಇಷ್ಟು ಜನ ವಾದ್ಯಗಾರರು ಮೈಸೂರಿನ ಯಾವ ಬಡಾವಣೆಯಲ್ಲಿ ಇಲ್ಲ? ಆ ಕಾಲದ ಹಾಡಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ. ಶಿವರಾಂಪೇಟೆಯಲ್ಲೇ, ಬಿಡಾರಂ ಕೃಷ್ಣಪ್ಪನವರ ರಾಮಮಂದಿರದ ಪಕ್ಕದ ಬೀದಿಗಳಲ್ಲೇ ಹುಡುಕಿದರೂ ಸಿಕ್ಕಾರು. ಕೊಳಲು ನುಡಿಸುವ ನನ್ನ ಪರಿಚಯದ ಗೃಹಸ್ಥರೊಬ್ಬರು ‘ರತ್ನಮಂಜರಿ’ಯ ಹಾಡೊಂದರ ಸ್ವರಗಳನ್ನು ಕೇಳಿ ಕೇಳಿಯೇ ಬರೆದುಕೊಂಡಿದ್ದಾರೆ. ಎರಡನೆಯ ಚರಣದಲ್ಲಿ ಒಂದು ಕಡೆ ತಟ್ಟೆ ಸವೆದು ಕೇಳಿಸುವುದಿಲ್ಲವಂತೆ. ಯಾರ ಮನೆಯ ಅಟ್ಟದಲ್ಲಾದರೂ ಸವೆಯದ ಪ್ರತಿಯಿದ್ದರೆ ಅವರಿಗೆ ಅದು ಬೇಕಾಗಿದೆ.